ಬೋಲ್ಟಿನ ಕಿವಿ ಹಿಂಡುವ ಗೇಜಕ್ಕ

ಬೆಳಕು ಇನ್ನೂ ತಗಡಿನ ಸಂದಿಯಲ್ಲಿ ಇಣುಕುತ್ತಿದೆ. ಅರಣ್ಯ ಕಾವಲುಗಾರರ ಬಂದೂಕು ರಿಪೇರಿ ಶೆಡ್ಡಿನ ಕೊನೆಯ ಮೇಜಿನ ಮುಂದೆ ಗೇಜಕ್ಕ ನಿಂತಿದ್ದಾರೆ. ಎಡಗೈಯಲ್ಲಿ ಬಂದೂಕು, ಬಲಗೈಯ ಎರಡೇ ಬೆರಳಲ್ಲಿ ಬೋಲ್ಟಿನ ಹಿಡಿ. ಮಲಗಿದ ಕೂಸಿನ ಮುಷ್ಟಿ ಬಿಡಿಸಿದಷ್ಟು ಮೆತ್ತಗೆ ಅದನ್ನು ಮುಂದೆ ತಳ್ಳಿ ಕೆಳಗಿಳಿಸುತ್ತಾರೆ. ಜೋರು ಮಾಡುವಂತಿಲ್ಲ. ಜೋರು ಮಾಡಿದರೆ ಉಕ್ಕೂ ಸುಳ್ಳು ಹೇಳುತ್ತದೆ.

ಬೋಲ್ಟು ಎಂದರೆ ಗುಂಡನ್ನು ನಳಿಗೆಯೊಳಗೆ ತಳ್ಳಿ ಹಿಂದಿನಿಂದ ಅಗುಳಿ ಹಾಕುವ ಉಕ್ಕಿನ ದಿಂಡು. ಅದಕ್ಕೆರಡು ಕಿವಿ. ಗುಂಡು ಹಾರಿದಾಗಿನ ಒದೆತವನ್ನೆಲ್ಲ ತಡೆಯುವುದು ಆ ಕಿವಿಗಳೇ. ಅವು ಸವೆದರೆ ಸಂದಿ ಬೆಳೆಯುತ್ತದೆ, ತೋಟಾದ ಹಿತ್ತಾಳೆ ಸೀಳುತ್ತದೆ, ಬೆಂಕಿಗಾಳಿ ಹೊಡೆದವನ ಕಣ್ಣಿಗೇ ನುಗ್ಗುತ್ತದೆ. ಗುರಿ ಹೊಡೆದವನಿಗೆ ಪದಕ, ಚಪ್ಪಾಳೆ, ಫೋಟೊ. ಅವನ ಕಣ್ಣು ಉಳಿಸಿದವರಿಗೆ ಈ ಶೆಡ್ಡಿನಲ್ಲಿ ಕೂರಲು ಒಂದು ಸ್ಟೂಲಿಲ್ಲ. ಬಜೆಟ್ ಇಲ್ಲವಂತೆ. ಪದಕಕ್ಕೆ ಮಾತ್ರ ಎಲ್ಲಿಂದಲೋ ಹುಟ್ಟುತ್ತದೆ!

ಗೇಜಕ್ಕನಿಗೆ ಆ ಸಿಟ್ಟಿಲ್ಲ. "ನಿಂತ್ಕೊಂಡ್ರೇ ಕೈ ನೆಟ್ಟಗಿರುತ್ತೆ ಬಿಡಿ," ಎನ್ನುತ್ತಾರೆ.

ಅವರು ಇಲ್ಲಿಗೆ ಬಂದದ್ದು ಕಸ ಗುಡಿಸಲು. ಆಮೇಲೆ ಸೀಮೆಎಣ್ಣೆಯಲ್ಲಿ ಬಿಡಿಭಾಗ ತೊಳೆಯುವ ಕೆಲಸ. ಅಂಗೈ ಸುಲಿದು, ತುತ್ತು ಕಲಸಲಾಗದೆ ಗಂಡನೇ ತಿನ್ನಿಸಿದ್ದುಂಟು. ಡಿಪೋದ ಲಾರಿ ಓಡಿಸುವ ಆತ ಈಗಲೂ ಅದನ್ನು ಹೇಳಿಕೊಂಡು ಮೀಸೆ ತಿರುವುತ್ತಾನೆ. ತೊಳೆಯುತ್ತ ತೊಳೆಯುತ್ತ ಯಾವ ಬೋಲ್ಟು ಎಲ್ಲಿ ಸವೆದಿದೆಯೆಂದು ಬೆರಳಿಗೇ ತಿಳಿಯತೊಡಗಿತು. ಹಳೇ ಮೇಸ್ತ್ರಿ ಅದನ್ನು ಕಂಡು ಆ ಸಂದಿ ಅಳೆಯುವ, ತೋಟಾದಂತಿರುವ ಎರಡು ಉಕ್ಕಿನ ಗೇಜುಗಳನ್ನು ಕೈಗಿಟ್ಟರು. ಒಂದರ ಮೇಲೆ ಬೋಲ್ಟು ಮುಚ್ಚಲೇಬೇಕು. ಕೂದಲೆಳೆಯಷ್ಟು ಉದ್ದವಾದ ಇನ್ನೊಂದರ ಮೇಲೆ ಮುಚ್ಚಲೇಬಾರದು. ಮೊದಲನೆಯದಕ್ಕೆ ಗೇಜಕ್ಕ ಇಟ್ಟ ಹೆಸರು 'ಬಾರಪ್ಪ', ಎರಡನೆಯದಕ್ಕೆ 'ನಿಲ್ಲಪ್ಪ'.

ಗೇಜು ಹಾಕಿದರಷ್ಟೇ ಮುಗಿಯಲಿಲ್ಲ. ಕಿವಿಗಳಿಗೆ ನೀಲಿ ಬಣ್ಣ ಸವರಿ, ಬೋಲ್ಟು ಮುಚ್ಚಿ ತೆಗೆಯುತ್ತಾರೆ. ಬಣ್ಣ ಎರಡು ಕಡೆಯೂ ಸಮನಾಗಿ ಅಳಿಸಿರಬೇಕು. ಒಂದೇ ಕಡೆ ಅಳಿಸಿದ್ದರೆ ಒಂಟೆತ್ತು ಎಳೆವ ಜೋಡೆತ್ತಿನ ಗಾಡಿ ಅದು. ದಿನಕ್ಕೆ ಇಪ್ಪತ್ತು ಬಂದೂಕು ಮುಗಿಸಿದರೆ ಹೆಚ್ಚು.

ಈ ಬೆಳಿಗ್ಗೆ ಸರದಿಯಲ್ಲಿ ಗೇಜಕ್ಕನ ಸ್ವಂತ ಅಕ್ಕನ ಗಂಡನ ಬಂದೂಕಿದೆ. ಭಾವ ಕಾಡು ಕಾಯುವವರು, ಈ ವರ್ಷವೇ ನಿವೃತ್ತಿ. ನೌಕರಿಗೆ ಸೇರಿದಂದಿನಿಂದ ಹೆಗಲಿಗಿದ್ದ ಬಂದೂಕನ್ನೇ ಕೊನೆಯ ದಿನ ಒಪ್ಪಿಸಬೇಕೆಂಬುದು ಅವರ ಹಟ. ಫೇಲಾದರೆ ಅದನ್ನು ಗರಗಸಕ್ಕೆ ಕೊಡುತ್ತಾರೆ. ಹಾಗಾಗಿ ಯಾರೂ ಕರೆಯದಿದ್ದರೂ ಬಂದು ಬಾಗಿಲಿಗೆ ಒರಗಿ ನಿಂತಿದ್ದಾರೆ. ನಿನ್ನೆಯೇ ತಾನು ಉಜ್ಜಿ ಫಳಫಳ ಮಾಡಿದ್ದೇನೆ, ಮತ್ತೆ ಒರೆಸುವ ಕಷ್ಟ ಬೇಡ ಎಂದು ಎರಡು ಸಲ ಹೇಳಿಯಾಯಿತು.

ಆದರೆ ಒರೆಸದೆ ಗೇಜು ಮುಟ್ಟುವ ಅಭ್ಯಾಸ ಗೇಜಕ್ಕನಿಗಿಲ್ಲ. ಬಟ್ಟೆ ಬೋಲ್ಟಿನ ಮುಖಕ್ಕೆ ತಾಗುತ್ತಲೇ ನಿಲ್ಲುತ್ತದೆ. ಉಗುರಿನಿಂದ ಕೆರೆದರೆ ಪಾರದರ್ಶಕ ಟೇಪಿನ ಪುಟ್ಟ ಚೂರು ಎದ್ದುಬರುತ್ತದೆ. ಆ ಚೂರಿನ ದಪ್ಪ ಸಾಕು, ಸವೆದ ಬೋಲ್ಟೂ ನಿಲ್ಲಪ್ಪನ ಮುಂದೆ ಗಟ್ಟಿಯಾಗಿ ನಿಂತಂತೆ ನಟಿಸಲು.

"ಏನ್ ಭಾವ, ಇದಕ್ಕೆಲ್ಲಿ ಗಾಯ ಆಗಿತ್ತು? ಪಟ್ಟಿ ಅಂಟ್ಸಿದೀರಿ?"

ಭಾವ ಚಾವಣಿ ನೋಡುತ್ತಾರೆ. ಆಮೇಲೆ ನಗುತ್ತಾರೆ. ಟೇಪು ತೆಗೆದ ಬೋಲ್ಟು ನಿಲ್ಲಪ್ಪನ ಮೇಲೆ ಬೆಣ್ಣೆಯಲ್ಲಿ ಕೂದಲಿನಂತೆ ಇಳಿದುಬಿಡುತ್ತದೆ. ಗೇಜಕ್ಕ ಪೆಟ್ಟಿಗೆಯಿಂದ ಬೇರೆ ಬೋಲ್ಟುಗಳನ್ನು ತಂದು ಒಂದೊಂದಾಗಿ ಹಾಕಿ ನೋಡುತ್ತಾರೆ. ಎಲ್ಲವೂ ಇಳಿಯುತ್ತವೆ. ಸವೆದದ್ದು ಬೋಲ್ಟಷ್ಟೇ ಅಲ್ಲ, ಅದು ಕೂರುವ ಜಾಗವೂ. ಅವರು ಬಂದೂಕಿಗೆ ಫೇಲಿನ ಕೆಂಪು ಚೀಟಿ ಕಟ್ಟುತ್ತಾರೆ.

"ಸ್ವಂತ ಭಾವನಿಗೂ ದಯೆ ಇಲ್ವೇನಮ್ಮಾ?"

"ದಯೆ ಇರೋದಕ್ಕೇ ಕಟ್ತಿದೀನಿ. ನಿಮ್ಗೇನಾದ್ರೂ ಆದ್ರೆ ಅಕ್ಕನ ಬಾಯಿಗೆ ಸಿಕ್ಕೋಳು ನಾನು."

ಬೀರುವಿನಿಂದ ಇನ್ನೊಂದು ಬಂದೂಕು ಬರುತ್ತದೆ. ನೀಲಿ ಬಣ್ಣ ಎರಡೂ ಕಿವಿಯಲ್ಲಿ ಸಮನಾಗಿ ಅಳಿಸಿದ್ದು, ಗೇಜಕ್ಕನೇ ಬೋಲ್ಟು ಕೂರಿಸಿದ್ದು. ಇದು ತನ್ನ ಮಾತು ಕೇಳೀತೇ ಎಂದು ಭಾವನ ಅನುಮಾನ. ನೀವು ಅಕ್ಕನ ಮಾತು ಕೇಳಲು ಎಷ್ಟು ವರ್ಷ ತಗೊಂಡಿರಿ, ಅದಕ್ಕೂ ಒಂದಿಷ್ಟು ಟೈಮ್ ಕೊಡಿ ಎಂದು ಗೇಜಕ್ಕ ಅವರನ್ನು ಗುರಿ ಮೈದಾನಕ್ಕೆ ಅಟ್ಟುತ್ತಾರೆ.

ಶೆಡ್ಡಿನ ಹಿಂದೆ ಗುಂಡಿನ ಸದ್ದು ಕೇಳುವಷ್ಟು ಹೊತ್ತೂ ಗೇಜಕ್ಕ ಬೇರೆ ಬಂದೂಕು ಮುಟ್ಟುವುದಿಲ್ಲ, ಸುಮ್ಮನೆ ಕೈ ಒರೆಸುತ್ತಿರುತ್ತಾರೆ. ಭಾವ ಮರಳಿ ಬಂದು ಖಾಲಿ ತೋಟಾಗಳನ್ನು ಮೇಜಿನ ಮೇಲೆ ಸುರಿಯುತ್ತಾರೆ. ಗೇಜಕ್ಕ ಒಂದೊಂದನ್ನೂ ಬೆಳಕಿಗೆ ಹಿಡಿದು ತಿರುಗಿಸುತ್ತಾರೆ. ಎಲ್ಲೂ ಬಿರುಕಿಲ್ಲ, ಹಿಗ್ಗಿದ ಗೆರೆಯೂ ಇಲ್ಲ.

"ಸ್ವಲ್ಪ ಎಡಕ್ಕೆ ಹೊಡೆಯುತ್ತೆ," ಎಂದು ಭಾವ ಗೊಣಗುತ್ತಾರೆ.

"ಎಡಕ್ಕೆ ತಾನೇ? ಹೊಡೀಲಿ ಬಿಡಿ ಭಾವ. ಹಿಂದಕ್ಕೆ ಹೊಡೆಯಲ್ಲ."