ಬೇಸ್ ಗಿಟಾರು ಹೊರುವವರಿಗೆ ನಾಲ್ಕು ಮಾತು

ಬೇಸ್ ಗಿಟಾರು ನುಡಿಸುವವರನ್ನು ನಾನು ಹಿಂದಿನಿಂದಲೇ ಗುರುತು ಹಿಡಿಯುತ್ತೇನೆ. ಅವರ ಎಡಭುಜ ಬಲಭುಜಕ್ಕಿಂತ ಒಂದು ಬೆರಳು ಕೆಳಗಿರುತ್ತದೆ. ಗೋರೆಗಾಂವ್ ಸ್ಟೇಷನ್ನಿನ ಸೇತುವೆ ಹತ್ತುವಾಗ ನನ್ನ ಮುಂದೆ ಯಾರಾದರೂ ಆಳೆತ್ತರದ ಕಪ್ಪು ಚೀಲ ಹೊತ್ತು ಒಂದು ಮಗ್ಗುಲಿಗೆ ವಾಲಿಕೊಂಡು ಹೋಗುತ್ತಿದ್ದರೆ, ಅವನು ಗಿಟಾರು ಕೊರಳಿಗೆ ಹಾಕಿಕೊಳ್ಳುವ ಪಟ್ಟಿ ಎಷ್ಟು ಅಗಲದ್ದೆಂದು ಚೀಲ ಬಿಚ್ಚದೆ ಹೇಳಬಲ್ಲೆ. ಎರಡು ಬೆರಳಿನದು. ಗಿಟಾರಿಗೆ ತಿಂಗಳುಗಟ್ಟಲೆ ಅಂಗಡಿ ಸುತ್ತಿರುತ್ತಾನೆ, ಬಣ್ಣಕ್ಕೆ ವಾರಗಟ್ಟಲೆ ತಲೆ ಕೆಡಿಸಿಕೊಂಡಿರುತ್ತಾನೆ, ಪಟ್ಟಿ ಮಾತ್ರ ಅಂಗಡಿಯವನು ಪುಕ್ಕಟೆ ಕೊಟ್ಟದ್ದು. ಅಂಥವನ ಬೆನ್ನು ನೋಯಬೇಕಾದದ್ದೇ.

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ಮುದುಕಿಗೆ ಇದೆಲ್ಲ ಯಾಕೆ ಎಂದು ನೀವು ಕೇಳಬಹುದು. ನನ್ನ ಮೊಮ್ಮಗಳು ನಿಕಿತಾ ಒಂದು ಬ್ಯಾಂಡಿನಲ್ಲಿ ಬೇಸ್ ನುಡಿಸುತ್ತಾಳೆ, ನಾಲ್ಕು ತಂತಿಯ ದಪ್ಪ ಸದ್ದಿನ ಗಿಟಾರು. ಬ್ಯಾಂಡೆಂದರೆ ಮದುವೆ ದಿಬ್ಬಣದ ಬ್ಯಾಂಡಲ್ಲ. ಪಬ್ಬಿನಲ್ಲಿ ಜನ ತಿನ್ನುವಾಗ, ಕುಡಿಯುವಾಗ ಮೂಲೆಯಲ್ಲಿ ನಿಂತು ಬಾರಿಸುವವರು. ನಾವಿಬ್ಬರೂ ಒಂದೇ ಕೋಣೆಯಲ್ಲಿ ಮಲಗುತ್ತೇವೆ. ಗಿಟಾರೂ ಅಲ್ಲೇ. ಹಾಗಾಗಿ ಗೊತ್ತಾಗದೆ ಇರಲು ಸಾಧ್ಯವಿಲ್ಲ.

ಅದಲ್ಲದೆ ಹೊರಗಿನ ಜಾಗಕ್ಕೆ ಹೋಗಿ ಕೆಲಸ ಮಾಡಿ ಬರುವುದು ಹೇಗೆಂದು ನನಗೆ ಯಾರೂ ಕಲಿಸಬೇಕಾಗಿಲ್ಲ. ನಾನೂ ನನ್ನ ಯಜಮಾನರೂ ಉಡುಪಿ ಕಡೆಯಿಂದ ಬಂದು ಮೂವತ್ತು ವರ್ಷ ಈ ಮುಂಬಯಿಯ ಮದುವೆ ಹಾಲ್‌ಗಳಲ್ಲಿ ಅಡುಗೆ ಮಾಡಿಸಿದವರು. ವಿಲೆ ಪಾರ್ಲೆಯಿಂದ ಬೊರಿವಲಿಯವರೆಗೆ ಯಾವ ಹಾಲ್‌ನ ಒಲೆ ಉರಿಯುತ್ತದೆ, ಯಾವುದರ ಮೋರಿ ಕಟ್ಟುತ್ತದೆ ಎಂಬುದು ನನಗೆ ಬಾಯಿಪಾಠ. ಹಾಲ್‌ಗಳ ಮ್ಯಾನೇಜರರೆಲ್ಲರೂ ಒಂದೇ ಮಾತು ಹೇಳುತ್ತಾರೆ: "ಸಬ್ ಕುಛ್ ಹೈ." ಎಲ್ಲವೂ ಇರುತ್ತದೆ, ಬೇಕಾದ್ದೊಂದು ಇರುವುದಿಲ್ಲ. ಅದಕ್ಕೇ ನಾವು ಮದುವೆಯ ಹಿಂದಿನ ದಿನ ಹೋಗಿ ಒಲೆ ಹಚ್ಚಿ, ಒಂದು ಪಾತ್ರೆ ನೀರು ಕಾಯಿಸಿ, ನೋಡಿ ಬರುತ್ತಿದ್ದೆವು. ನೀರು ಕುದಿಯುವವರೆಗೆ ಯಾರ ಮಾತನ್ನೂ ನಂಬುತ್ತಿರಲಿಲ್ಲ. ಪಬ್ಬಿನವರೂ ಇದೇ ಜಾತಿ. "ಆಂಪ್ ಹೈ" ಎನ್ನುತ್ತಾರೆ. ಗಿಟಾರಿನ ಸದ್ದು ದೊಡ್ಡದು ಮಾಡುವ ಪೆಟ್ಟಿಗೆ ಅದು. ಹೋಗಿ ನೋಡಿದರೆ ಪೆಟ್ಟಿಗೆ ಇರುತ್ತದೆ, ಅದರ ಮೇಲೆ ಹೂಕುಂಡ ಇರುತ್ತದೆ, ಸದ್ದು ಬರುವುದಿಲ್ಲ. ನಮ್ಮ ಹುಡುಗರು ಫೋನಿನಲ್ಲಿ ಕೇಳಿ, ಹೆಬ್ಬೆರಳಿನ ಚಿತ್ರ ಕಳಿಸಿ, ಕೆಲಸ ಮುಗಿಯಿತೆಂದು ಕೂರುತ್ತಾರೆ. ಒಬ್ಬನೂ ಹೋಗಿ ನೀರು ಕಾಯಿಸಿ ನೋಡುವುದಿಲ್ಲ.

ಪೂರ್ತಿ ಪೆಟ್ಟಿಗೆಯನ್ನೇ ಹೊತ್ತೊಯ್ಯುವ ವೀರರೂ ಇದ್ದಾರೆ. ವಿರಾರ್ ಲೋಕಲ್ಲಿನಲ್ಲಿ ಆ ಗೋದ್ರೇಜ್ ಕಪಾಟಿನಂಥದ್ದನ್ನು ಏರಿಸಿ, ಇಳಿಯಬೇಕಾದಲ್ಲಿ ಇಳಿಯಲಾಗದೆ ಮುಂದಿನ ಸ್ಟೇಷನ್ನಿಗೆ ಹೋದವನ ಕಥೆಯನ್ನು ನಿಕಿತಾ ಹೇಳಿ ನಗುತ್ತಾಳೆ. ನನಗೆ ನಗು ಬರುವುದಿಲ್ಲ. ನೂರು ಜನರ ಸಾಂಬಾರಿನ ಹಂಡೆಯನ್ನು ತಲೆಯ ಮೇಲೆ ಹೊತ್ತು ಹೋಗುವವನನ್ನು ನಾವು ಬಾಣಸಿಗ ಎನ್ನುವುದಿಲ್ಲ, ಹಮಾಲ ಎನ್ನುತ್ತೇವೆ. ಹಂಡೆ ಹಾಲ್‌ನವರದ್ದಿರಲಿ, ಸಟ್ಟುಗ ನಮ್ಮದಿರಲಿ. ಗಿಟಾರಿನಿಂದ ನೇರ ಪಬ್ಬಿನ ಮೈಕಿನ ಯಂತ್ರಕ್ಕೆ ಜೋಡಿಸುವ ಒಂದು ಅಂಗೈ ಅಗಲದ ಪೆಟ್ಟಿಗೆ ಬರುತ್ತದೆ. ಅದೊಂದು, ಎರಡು ಉದ್ದದ ಕೇಬಲ್ಲು, ಒಂದು ಎಕ್ಸ್‌ಟೆನ್ಷನ್ ಬೋರ್ಡು, ಜನ ಎಡವದಂತೆ ವಯರನ್ನು ನೆಲಕ್ಕೆ ಅಂಟಿಸಲು ಕಪ್ಪು ಬಟ್ಟೆಯ ಟೇಪು. ಇಷ್ಟಾದರೆ ಸಂಸಾರ ನಡೆಯುತ್ತದೆ. ಎರಡನೇ ಕೇಬಲ್ಲು ಯಾಕೆ ಎಂದು ಕೇಳುವವರು ಕೇಳಲಿ. ಮೊದಲನೆಯದು ಕೈಕೊಟ್ಟಾಗ ಅವರಿಗೇ ತಿಳಿಯುತ್ತದೆ.

ಆದರೆ ನಮ್ಮವಳ ಸಂಸಾರ ಅಷ್ಟಕ್ಕೆ ನಡೆಯುವುದಿಲ್ಲ. ಅವಳ ಹತ್ತಿರ ಒಂದು ಹಲಗೆ ಉಂಟು, ಹಲಗೆಯ ಮೇಲೆ ಒಂಬತ್ತು ಡಬ್ಬಿ. ಕಾಲಿನಿಂದ ಒತ್ತಿದರೆ ಒಂದೊಂದು ಒಂದೊಂದು ತರದ ಸದ್ದು ಕೊಡುತ್ತದಂತೆ. ಇಡೀ ಮಸಾಲೆ ಡಬ್ಬಿಗೂ ಏಳೇ ಬಟ್ಟಲು. ಒಂದು ದಿನ ಕೂರಿಸಿ ಕೇಳಿದೆ.

"ಇದು ಎಂತ ಮಾಡ್ತದೆ?"

"ಅಜ್ಜಿ, ಇದು ಸೌಂಡನ್ನು ಮೋಟಾ ಮಾಡ್ತದೆ."

"ಇದು?"

"ಅದು ಥೋಡಾ ಪತ್ಲಾ ಮಾಡ್ತದೆ."

"ಒಂದು ದಪ್ಪ ಮಾಡ್ತದೆ, ಒಂದು ತೆಳು ಮಾಡ್ತದೆ. ಹಾಗಾದ್ರೆ ಎರಡನ್ನೂ ಬಿಟ್ಟು ಹೋಗು ಮಾರಾಯ್ತಿ."

ಅವಳು ಹಲಗೆಯನ್ನು ನನ್ನ ಕಣ್ಣಿಗೆ ಬೀಳದಂತೆ ಕಪಾಟಿನ ಹಿಂದೆ ಸರಿಸಿದಳು.

ನಾನೂ ತಪ್ಪು ಮಾಡಿದ್ದೇನೆ, ಮುಚ್ಚಿಡುವುದಿಲ್ಲ. ಜೂನ್ ತಿಂಗಳಲ್ಲಿ ಮುಂಬಯಿಯ ಗಾಳಿಗೆ ಕಬ್ಬಿಣವೆಲ್ಲ ಕೆಂಪಾಗುತ್ತದೆ. ಗಿಟಾರಿನ ನಾಲ್ಕು ತಂತಿ ಮಂಕಾದದ್ದು ಕಂಡು, ದೋಸೆ ಕಾವಲಿಗೆ ಮಾಡುವ ಹಾಗೆ ಚೂರು ತೆಂಗಿನೆಣ್ಣೆ ಸವರಿ ಇಟ್ಟೆ. ಸಂಜೆ ಬಂದವಳು ಗಿಟಾರು ಮುಟ್ಟಿದ್ದೇ ಕಿರುಚಿದಳು.

"ಅಜ್ಜಿ! ಇದು ಎಣ್ಣೆ ಹಾಕುವ ಚೀಜ್ ಅಲ್ಲ! ಬೆರಳು ನಿಲ್ತಾನೇ ಇಲ್ಲ, ದೇಖೋ!"

ಆಮೇಲೆ ಫೋನಿನಲ್ಲಿ ಹುಡುಕಿ, ಹಳೆಯ ತಂತಿಯನ್ನು ನೀರಿನಲ್ಲಿ ಕುದಿಸಿದರೆ ಜೀವ ಬರುತ್ತದೆ ಎಂದು ಓದಿ ಹೇಳಿದಳು. ಕುದಿಸುವುದಾದರೆ ನನ್ನ ಕೆಲಸ. ತಂತಿ ಬಿಚ್ಚಿ, ಬಳೆಯಂತೆ ಸುತ್ತಿ, ಹಳೆಯ ಪಾತ್ರೆಯಲ್ಲಿ ಹತ್ತು ನಿಮಿಷ ಕುದಿಸಿ, ಟವೆಲಿನಲ್ಲಿ ಒರೆಸಿ, ಫ್ಯಾನಿನ ಕೆಳಗೆ ಪೂರ್ತಿ ಒಣಗಿಸಿದೆವು. ನೀರಿನ ಮೇಲೆ ತೇಲಿದ ಕೊಳೆ ನೋಡಬೇಕಿತ್ತು! ಆರು ತಿಂಗಳ ಬೆವರು, ವಡಾಪಾವಿನ ಚಟ್ನಿ, ನನ್ನ ಎಣ್ಣೆ. ತಂತಿ ಹೊಸದರ ಹಾಗೆ ಮೊಳಗಿತು. ಇದನ್ನು ಯಾರು ಬೇಕಾದರೂ ಮಾಡಬಹುದು. ಆದರೆ ಮಾಡಿದ ಪಾತ್ರೆಯಲ್ಲಿ ಮತ್ತೆ ಇಡ್ಲಿ ಇಡಬೇಡಿ. ನುಡಿಸಿದ ಮೇಲೆ ಒಣಬಟ್ಟೆಯಲ್ಲಿ ಒರೆಸಿದರೆ ಕುದಿಸುವ ಪ್ರಮೇಯವೇ ಬರುವುದಿಲ್ಲ. ಹೆಂಚು ತೊಳೆಯದೆ ಮಲಗುವವರಿಗೆ ಇದನ್ನು ಹೇಳಿ ಪ್ರಯೋಜನವಿಲ್ಲ.

ಇನ್ನು ನಡೆದ ಸಂಗತಿ. ಬ್ಯಾಂಡಿನ ಯಜಮಾನ ರೋಹನ್ ಎಂಬ ಹುಡುಗ. ಹಾಡುವವನೂ ಅವನೇ, ಸಣ್ಣ ಗಿಟಾರು ನುಡಿಸುವವನೂ ಅವನೇ, ಕನ್ನಡಿ ನೋಡುವವನೂ ಅವನೇ. ಒಂದು ಬುಧವಾರ ಮನೆಗೆ ಬಂದು, ನಾನು ಮಾಡಿದ ನೀರುದೋಸೆ ಎಂಟು ತಿಂದು, ಕೈ ತೊಳೆದು ಬಂದು ಹೇಳಿದ: ಬೊರಿವಲಿಯ ಒಂದು ಪಬ್ಬಿನವರು ಪ್ರತಿ ಭಾನುವಾರ ಮಧ್ಯಾಹ್ನ ನುಡಿಸಲು ಕರೆಯುವವರಿದ್ದಾರೆ, ಆದರೆ ಅಲ್ಲಿಯ ಕಟ್ಟೆ ಚಿಕ್ಕದು, ಇಷ್ಟು ಜನ ನಿಲ್ಲಲಾಗುವುದಿಲ್ಲ. ಬೇಸನ್ನು ಮೊದಲೇ ಲ್ಯಾಪ್‌ಟಾಪಿನಲ್ಲಿ ತುಂಬಿಸಿಟ್ಟರೆ ಅದೇ ನುಡಿಸುತ್ತದೆ.

"ನಿಕ್ಕಿ, ಪರ್ಸನಲ್ ಮತ್ ಲೇನಾ. ಬೇಸ್ ಕಿಸೀಕೋ ಸುನಾಯಿ ಭೀ ನಹೀಂ ದೇತಾ."

ನಿಕಿತಾ ಬೇಜಾರು ಮಾಡಿಕೊಳ್ಳಬಾರದಂತೆ, ಬೇಸು ಯಾರಿಗೂ ಕೇಳಿಸುವುದೇ ಇಲ್ಲವಂತೆ. ಅವಳು ಕಾಲೇಜಿನಿಂದ ಈ ಬ್ಯಾಂಡಿನಲ್ಲಿದ್ದಾಳೆ. ಅದರ ಹೆಸರನ್ನು ಇಟ್ಟವಳೂ ಅವಳೇ. ನನಗೆ ಆ ಹುಡುಗನ ಎಂಟು ದೋಸೆಯ ಮೇಲೆ ಸಿಟ್ಟು ಬಂತು. ಮೂವತ್ತು ವರ್ಷದಲ್ಲಿ ಎಷ್ಟೋ ಸಾವಿರ ಎಲೆ ಹಾಕಿಸಿದ್ದೇನೆ. ಹೋಳಿಗೆ ಚೆನ್ನಾಗಿತ್ತು ಎಂದವರಿದ್ದಾರೆ, ಮೆಣಸ್ಕಾಯಿ ಚೆನ್ನಾಗಿತ್ತು ಎಂದವರಿದ್ದಾರೆ. ಅನ್ನ ಚೆನ್ನಾಗಿತ್ತು ಎಂದು ಹೇಳಿ ಹೋದವನೊಬ್ಬನನ್ನೂ ಕಂಡಿಲ್ಲ. ಹಾಗೆಂದು ಒಂದು ಪಂಕ್ತಿಗೆ ಅನ್ನ ಬಡಿಸದೆ ನೋಡಿ.

ಕೊನೆಗೆ ಒಪ್ಪಂದವಾಯಿತು. ಈ ಭಾನುವಾರ ನಿಕಿತಾ ನುಡಿಸಲಿ. ಸರಿಹೋದರೆ ಇರಲಿ, ಇಲ್ಲದಿದ್ದರೆ ಮುಂದಿನ ವಾರದಿಂದ ಲ್ಯಾಪ್‌ಟಾಪು. ಹೋಗುವ ಮೊದಲು ರೋಹನ್ ಕಾಲಿನಿಂದ ಒತ್ತುವ ತನ್ನದೊಂದು ಕೆಂಪು ಡಬ್ಬಿಯನ್ನು ನನಗೆ ತೋರಿಸಿ ಮೆರೆದ. ಅದಕ್ಕೆ ಕರೆಂಟು ಕೊಡುವುದೇ ಇಲ್ಲವಂತೆ, ಒಳಗೆ ಒಂದು ಚೌಕದ ಬ್ಯಾಟರಿ. "ಆಜಿ, ಬ್ಯಾಟರಿ ಪೇ ಸೌಂಡ್ ವಾರ್ಮ್ ಆತಾ ಹೈ." ಬ್ಯಾಟರಿಯಾದರೆ ಸದ್ದು ಬೆಚ್ಚಗಿರುತ್ತದಂತೆ! ಕಂಬಳಿ ಹೊದಿಸು ಎಂದೆ. ನಮ್ಮ ಗಿಟಾರಿನ ಹೊಟ್ಟೆಯಲ್ಲೂ ಅಂಥದ್ದೇ ಒಂದು ಬ್ಯಾಟರಿ ಉಂಟೆಂದು ನಿಕಿತಾ ಆಗ ಹೇಳಿದಳು.

ಭಾನುವಾರ ನಾನೂ ಹೋದೆ. ಮಮತೆಯಿಂದಲ್ಲ, ಪಬ್ಬಿನ ಅಡುಗೆಮನೆ ಹೇಗಿರುತ್ತದೆಂದು ನೋಡುವ ಆಸೆಗೆ. ಮ್ಯಾನೇಜರ್ ಸುಧಾಕರ ನಮ್ಮ ಕಡೆಯವನೇ. "ಅಮ್ಮಾ, ನೀವು ಈ ಗಲಾಟೆಯಲ್ಲಿ ಎಂತ ಮಾಡ್ತೀರಿ? ಕೂತ್ಕೊಳ್ಳಿ, ಪನೀರ್ ಏನಾದ್ರೂ ಕಳಿಸ್ತೇನೆ" ಎಂದು ಗೋಡೆಯ ಹತ್ತಿರದ ಮೇಜಿನಲ್ಲಿ ಕೂರಿಸಿದ. ಕಳಿಸಿದ ಪನೀರು ರಬ್ಬರಿನ ಹಾಗಿತ್ತು. ಅಡುಗೆಮನೆ ನೋಡುವ ಆಸೆ ಅಲ್ಲಿಗೇ ಹೋಯಿತು.

ಮೊದಲೆರಡು ಹಾಡು ಸರಿಯಾಗಿ ನಡೆದವು. ಪಕ್ಕದ ಮೇಜಿನಲ್ಲಿ ಒಬ್ಬ ದಪ್ಪ ಮನುಷ್ಯ ಚಮಚದಿಂದ ತಟ್ಟೆಯಂಚಿಗೆ ತಾಳ ಹಾಕುತ್ತಿದ್ದ. ಮೂರನೇ ಹಾಡಿನಲ್ಲಿ ನಿಕಿತಾಳ ಗಿಟಾರು ಹರಕು ಬಟ್ಟೆ ಸೀಳಿದ ಹಾಗೆ ಕರಕರ ಎಂದಿತು. ಮತ್ತೆ ಸಣ್ಣದಾಯಿತು. ಮತ್ತೆ ಇಲ್ಲವಾಯಿತು. ಅವಳು ಮಂಡಿಯೂರಿ ಒಂಬತ್ತು ಡಬ್ಬಿಗಳ ಒಂದೊಂದೇ ವಯರು ಕಿತ್ತು ಚುಚ್ಚತೊಡಗಿದಳು. ಒಂಬತ್ತು ಡಬ್ಬಿಯೆಂದರೆ ಅನುಮಾನ ಪಡಲು ಒಂಬತ್ತು ಜಾಗ. ಅದೇ ಅದರ ಲಾಭ.

ಇತ್ತ ಹಾಡು ಮುಂದುವರಿಯಿತು, ಆದರೆ ನೆಲವಿಲ್ಲದ ಮನೆಯ ಹಾಗೆ. ಡ್ರಮ್ಮಿನ ಹುಡುಗ ತಾಳ ತಪ್ಪಿ ಓಡತೊಡಗಿದ, ರೋಹನ್ ಅವನ ಹಿಂದೆ ಓಡಿದ. ಪಕ್ಕದವನ ಚಮಚ ನಿಂತಿತು. ಅವನು ಫೋನು ತೆಗೆದ. ರೋಹನ್ ಸಿದ್ಧವಾಗಿಟ್ಟಿದ್ದ ಲ್ಯಾಪ್‌ಟಾಪನ್ನು ತೆರೆದು ಗುಂಡಿ ಒತ್ತಿದ. ಬೇಸು ಬಂತು, ಭಾರೀ ಶುದ್ಧವಾಗಿ ಬಂತು, ತನ್ನ ಪಾಡಿಗೆ ತಾನು ಹೋಯಿತು. ಡ್ರಮ್ಮಿನವನು ಒಂದು ಕಡೆ, ಯಂತ್ರ ಇನ್ನೊಂದು ಕಡೆ. ಯಂತ್ರ ಯಾರಿಗಾಗಿಯೂ ಕಾಯುವುದಿಲ್ಲವಲ್ಲ! ಹಾಡು ನಡುವೆಯೇ ಕುಸಿದು ನಿಂತಿತು. ಯಾರೋ ಶಿಳ್ಳೆ ಹೊಡೆದರು, ಹೊಗಳಿಕೆಯದಲ್ಲ.

ನಿಕಿತಾ ಎದ್ದು ನಿಂತಳು. "ಬ್ಯಾಟರಿ ಗಯೀ. ನಿನ್ನೆ ಪ್ರಾಕ್ಟೀಸ್ ಆದ್ಮೇಲೆ ಕೇಬಲ್ ತೆಗೀಲಿಕ್ಕೆ ಮರ್ತೆ." ಗಿಟಾರಿಗೆ ಕೇಬಲ್ಲು ಚುಚ್ಚಿಯೇ ಇಟ್ಟರೆ ಒಳಗಿನ ಬ್ಯಾಟರಿ ಸುಮ್ಮನೆ ಉರಿದು ಮುಗಿಯುತ್ತದಂತೆ. ಗ್ಯಾಸಿನ ರೆಗ್ಯುಲೇಟರ್ ಬಂದ್ ಮಾಡದೆ ಮನೆಗೆ ಹೋದ ಹಾಗೆ. ಒಂಬತ್ತು ಡಬ್ಬಿ ಹೊತ್ತು ತಂದವಳು ಒಂದು ಬ್ಯಾಟರಿ ಹೆಚ್ಚಿಗೆ ತಂದಿರಲಿಲ್ಲ. ಸುಧಾಕರನ ಹತ್ತಿರ ಕೇಳಿದರೆ, ಗಡಿಯಾರಕ್ಕೆ ಹಾಕುವ ಸಣ್ಣದುಂಟು ಎಂದ.

ನಾನು ಸೆರಗು ಸಿಕ್ಕಿಸಿ ಕಟ್ಟೆಯ ಹತ್ತಿರ ಹೋದೆ.

"ಏ ರೋಹನ್, ನಿನ್ನ ಕೆಂಪು ಡಬ್ಬಿಯ ಬ್ಯಾಟರಿ ಕೊಡು" ಎಂದು ಡಬ್ಬಿ ತೋರಿಸಿ ಕೈ ಚಾಚಿದೆ.

"ಆಜಿ, ಉಸ್‌ಕೇ ಬಿನಾ ಮೇರಾ ಸೋಲೋ ನಹೀಂ ಹೋಗಾ." ಅದಿಲ್ಲದೆ ಅವನೊಬ್ಬನೇ ನುಡಿಸಿ ಮೆರೆಯುವ ಭಾಗ ಆಗುವುದಿಲ್ಲವಂತೆ.

"ನಿನ್ನ ಸೋಲೋ ಕೇಳ್ಬೇಕು ಅಂತ ಇಲ್ಲಿ ಯಾರು ಅತ್ತಿದ್ದಾರೆ? ಆ ಮನುಷ್ಯನನ್ನು ನೋಡು, ಬಿಲ್ ಕೇಳ್ತಾ ಇದ್ದಾನೆ."

ಅವನಿಗೆ ಕನ್ನಡ ಅರ್ಥವಾಗುವುದಿಲ್ಲ. ಬಿಲ್ ಅರ್ಥವಾಯಿತು. ಆ ಮೇಜಿನ ಕಡೆ ನೋಡಿದ, ಲ್ಯಾಪ್‌ಟಾಪಿನ ಕಡೆ ನೋಡಿದ, ನಿಕಿತಾಳ ಕಡೆ ನೋಡಿದ. ಆಮೇಲೆ ಕೂತು, ಬೆಣ್ಣೆ ಸವರುವ ಚಾಕುವಿನಿಂದ ತನ್ನ ಡಬ್ಬಿಯ ತಿರುಪು ಬಿಚ್ಚಿ, ಬ್ಯಾಟರಿ ಕಿತ್ತು ಅವಳ ಕೈಗೆ ಕೊಟ್ಟ. ನಿಕಿತಾ ಹಲಗೆಯನ್ನು ಕಾಲಿನಿಂದ ಬದಿಗೆ ತಳ್ಳಿ, ಒಂದೇ ಕೇಬಲ್ಲಿನಲ್ಲಿ ಗಿಟಾರನ್ನು ನೇರ ಪಬ್ಬಿನ ಆಂಪಿಗೆ ಜೋಡಿಸಿದಳು.

ಮೊದಲ ಬಡಿತಕ್ಕೇ ನನ್ನ ಮೇಜಿನ ನೀರಿನ ಲೋಟ ನಡುಗಿತು. ಡ್ರಮ್ಮಿನ ಹುಡುಗ ಓಡುವುದನ್ನು ಬಿಟ್ಟು ನಡೆಯತೊಡಗಿದ. ದಪ್ಪ ಮನುಷ್ಯ ಬಿಲ್ಲನ್ನು ಮಡಚಿ ಬದಿಗಿಟ್ಟು ಇನ್ನೊಂದು ತಟ್ಟೆ ತರಿಸಿದ. ಆ ಪನೀರನ್ನೇ, ಪಾಪ.

ಮುಗಿದ ಮೇಲೆ ಸುಧಾಕರ ಬಂದು ರೋಹನ್‌ನ ಕೈ ಕುಲುಕಿದ. ಹಾಡುವವರು ಭಾರೀ ಲಾಯ್ಕ, ಪ್ರತಿ ಭಾನುವಾರ ಬನ್ನಿ, ಕಟ್ಟೆಗೆ ಒಂದು ಹಲಗೆ ಸೇರಿಸಿ ಅಗಲ ಮಾಡಿಸುತ್ತೇನೆ ಎಂದ. ಬೇಸಿನ ಮಾತು ಎತ್ತಲೇ ಇಲ್ಲ. ರೋಹನ್ ಕ್ಷಮೆ ಕೇಳುವ ಜಾತಿಯವನಲ್ಲ. ಲ್ಯಾಪ್‌ಟಾಪು ಚೀಲಕ್ಕೆ ತುರುಕುತ್ತಾ ಅವಳ ಮುಖ ನೋಡದೆ ಹೇಳಿದ: "ನಿಕ್ಕಿ, ಅಗಲೇ ಸಂಡೇ ಜಲ್ದಿ ಆನಾ. ಪೆಹಲೇ ತೇರಾ ಸೌಂಡ್ ಚೆಕ್ ಕರೇಂಗೇ." ಮುಂದಿನ ಭಾನುವಾರ ಬೇಗ ಬರಬೇಕಂತೆ, ಮೊದಲು ಅವಳ ಸದ್ದನ್ನೇ ಸರಿ ನೋಡುವುದಂತೆ. ಇಷ್ಟು ದಿನ ಅವಳದ್ದನ್ನು ಎಲ್ಲರದ್ದೂ ಆದ ಮೇಲೆ, ಹೊತ್ತಿದ್ದರೆ ನೋಡುತ್ತಿದ್ದರು.

ಮರಳುವಾಗ ಸ್ಲೋ ಲೋಕಲ್ಲಿನ ಲೇಡೀಸ್ ಡಬ್ಬಿಯಲ್ಲಿ ಜಾಗ ಸಿಕ್ಕಿತು. ನಿಕಿತಾ ಗಿಟಾರಿನ ಚೀಲವನ್ನು ಮಡಿಲಿಗೆ ಒರಗಿಸಿಕೊಂಡು ಕೂತಳು. ಕಾಂದಿವಲಿ ದಾಟಿದ ಮೇಲೆ ಕೇಳಿದಳು.

"ಅಜ್ಜಿ, ಸಚ್ ಬೋಲೋ. ಮ್ಯೂಸಿಕ್ ನಿಮಗೆ ಇಷ್ಟ ಆಯ್ತಾ?"

"ಇಲ್ಲ."

"ಬಿಲ್ಕುಲ್ ಇಲ್ಲ?"

"ಇಲ್ಲ ಮಾರಾಯ್ತಿ, ಕಿವಿ ಇನ್ನೂ ಗುಂಯ್ ಅಂತ ಉಂಟು. ಆದ್ರೆ ನಿಂದು ನಿಂತಿತಲ್ಲ, ಆಗ ತಿನ್ನುವುದನ್ನು ಬಿಟ್ಟು ಎಂತ ಆಯ್ತು ಅಂತ ತಲೆ ಎತ್ತಿ ನೋಡಿದೆ."

"ಅದು ಕಾಂಪ್ಲಿಮೆಂಟಾ?"

"ಅಲ್ಲ, ಅದು ಕೆಲಸ" ಎಂದೆ. "ಹೊಗಳಿಕೆ ಬೇಕಿದ್ರೆ ಹಾಡ್ಲಿಕ್ಕೆ ಕಲಿ."