ಕಿವಿಗುರುತಿನ ಬೀಗ

ಅವ್ವನ ಫೋನಿನಲ್ಲಿರುವ ಮೊದಲ ಫೋಟೊ ಅರ್ಧ ಆಕಾಶ, ಅರ್ಧ ಹೆಬ್ಬೆರಳು. ಮೂಲೆಯಲ್ಲಿ ಬಸವಕಲ್ಯಾಣದ ಒಂದು ಮೊಬೈಲ್ ಅಂಗಡಿಯ ತಗಡಿನ ಚಾವಣಿ ಕಾಣುತ್ತದೆ. ಆ ದಿನದ ಕಥೆ ಹೇಳುವಾಗಲೆಲ್ಲ ನಾನು ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ, ಎಲ್ಲರೂ ಅವ್ವನನ್ನೇ ನೋಡುತ್ತಿದ್ದರು ಎನ್ನುತ್ತೇನೆ. ಎರಡನೆಯ ಫೋಟೊದಲ್ಲಿ ಅಂಗಡಿ ಖಾಲಿ ಇದೆ. ಒಂದು ಸ್ಟೂಲು, ಅದರ ಮೇಲೆ ಅವ್ವನ ಕೈಚೀಲ, ಅಷ್ಟೇ. ನೋಡುತ್ತಿದ್ದವಳು ನಾನೊಬ್ಬಳೇ ಇರಬೇಕು. ಆದರೂ ನನ್ನ ತಲೆಯೊಳಗಿನ ಅಂಗಡಿ ಖಾಲಿಯಾಗಲು ಒಪ್ಪುವುದಿಲ್ಲ. ಎರಡನ್ನೂ ಬರೆದು ಮುಂದೆ ಹೋಗುತ್ತೇನೆ.

ಫೋನು ಯಾಕೆ ಬೇಕಾಯಿತು ಎಂಬುದರಲ್ಲಿ ಮಾತ್ರ ಅನುಮಾನವಿಲ್ಲ. ನಮ್ಮದು ಮುಡಬಿ ಕಡೆಯ ಕುರಿ ಸಾಕುವ ಮನೆತನ. ತೊಗರಿ ರಾಶಿ ಮುಗಿದ ಹೊಲಗಳಲ್ಲಿ ನಾವು ಕುರಿ ತರುಬುತ್ತೇವೆ. ಅಂದರೆ ರಾತ್ರಿ ಹೊಲದಲ್ಲೇ ಬಲೆ ಕಟ್ಟಿ ಹಿಂಡನ್ನು ಕೂಡಿಸುತ್ತೇವೆ; ಕುರಿಗಳ ಹಿಕ್ಕಿ ಹೊಲಕ್ಕೆ ಗೊಬ್ಬರವಾಗುತ್ತದೆ, ರೈತ ನಮಗೆ ಜೋಳ ಅಳೆದು ಕೊಡುತ್ತಾನೆ. ಯಾರ ಹೊಲ, ಎಷ್ಟು ದಿನ ಎಂಬ ಮಾತನ್ನು ಅಪ್ಪ ನಡೆಯುತ್ತಲೇ ಮುಗಿಸಿ ಬರುತ್ತಿದ್ದ. ಅಪ್ಪ ತೀರಿಕೊಂಡ ಮೇಲೆ ಆ ಮಾತೆಲ್ಲ ಅಪ್ಪನ ತಮ್ಮನ, ಅಂದರೆ ಕಾಕನ, ಗುಂಡಿ ಒತ್ತುವ ಫೋನಿಗೆ ಹೋಯಿತು. ಕಾಕ ಕೆಟ್ಟವನಲ್ಲ. ಆದರೆ ನೀರಿರುವ ಹೊಲ ಅವನ ಹಿಂಡಿಗೆ, ಕಲ್ಲಿನ ಹೊಲ ಅವ್ವನ ಹಿಂಡಿಗೆ ಬರುವುದು ಎರಡು ವರ್ಷ ನಡೆಯಿತು. ಮೂರನೆಯ ವರ್ಷ ಅವನು ತನ್ನ ಅತ್ತಿಗೆಗೆ, ವೈನಿ, ಎರಡು ಹಿಂಡು ಯಾಕೆ, ಒಂದೇ ಮಾಡೋಣ, ನೀ ಮನೆಯಲ್ಲಿ ಕೂತು ಉಣ್ಣೆ ನೂಲು ಅಂದ. ರೈತರ ಜೊತೆ ಮಾತಾಡುವವನು ಒಬ್ಬನೇ ಇದ್ದರೆ ಹಿಂಡೂ ಒಂದೇ ಇರಲಿ ಎಂಬುದು ಅವನ ಲೆಕ್ಕ. ಅವ್ವನ ಅರವತ್ತು ಕುರಿ ಅವ್ವನ ಕೈಯಲ್ಲಿ ಉಳಿಯಬೇಕಾದರೆ ಆಕೆಯೇ ರೈತರಿಗೆ ಫೋನು ಮಾಡಬೇಕಿತ್ತು. ಆಕೆಗೆ ಓದಲು ಬರುವುದಿಲ್ಲ.

ಅಂಗಡಿಯವನು ದಖ್ಖನಿಯಲ್ಲಿ ಮಾತಾಡುತ್ತಿದ್ದ, ಅವ್ವ ಕನ್ನಡದಲ್ಲಿ. ಇಬ್ಬರಿಗೂ ತೊಂದರೆಯಾಗಲಿಲ್ಲ. ಬೆರಳಿಟ್ಟರೆ ತೆರೆಯುವ ಬೀಗ ಹಾಕೋಣ ಎಂದು ಅವನು ಆಕೆಯ ಹೆಬ್ಬೆರಳನ್ನು ಹಿಡಿದು ಒತ್ತಿಸಿದ. ಫೋನು ಒಪ್ಪಲಿಲ್ಲ. ತೋರುಬೆರಳು, ಎಡಗೈ, ಒದ್ದೆ ಬಟ್ಟೆಯಲ್ಲಿ ಒರೆಸಿ ಮತ್ತೆ ಹೆಬ್ಬೆರಳು. ರೇಷನ್ ಅಂಗಡಿಯ ಮಷೀನೂ ಹೀಗೇ ಮಾಡುತ್ತದೆ, ಉಣ್ಣೆ ನೂತು ನೂತು ಗೆರೆ ಉಳಿದಿಲ್ಲ ಎಂದು ಅವ್ವ ಅವನಿಗೇ ಸಮಾಧಾನ ಹೇಳಿದಳು. ಆಗ ಅವನು ಒಂಬತ್ತು ಚುಕ್ಕಿ ತೋರಿಸಿ, ಬೆರಳು ಎತ್ತದೆ ಒಂದು ಗೆರೆ ಎಳಿ, ಮರೆಯದಂಥ ಗೆರೆ ಇರಲಿ ಅಂದ.

ಅವ್ವ ತಡ ಮಾಡಲಿಲ್ಲ. ಮೇಲಿಂದ ಇಳಿದು, ಮತ್ತೆ ಏರಿ, ಬಲಕ್ಕೆ ಮುರಿದ ಒಂದು ಗೆರೆ ಎಳೆದಳು. ಅದು ನಮ್ಮ ಕುರಿಗಳ ಕಿವಿಗುರುತು. ಅಜ್ಜನ ಕಾಲದಿಂದ ನಮ್ಮ ಮರಿಗಳ ಎಡಗಿವಿಯ ತುದಿಯಲ್ಲಿ ಒಂದು ಸೀಳು, ಪಕ್ಕದಲ್ಲಿ ಒಂದು ಕಚ್ಚು ಹಾಕುತ್ತೇವೆ, ಎಲ್ಲಿ ತಪ್ಪಿಸಿಕೊಂಡರೂ ಯಾರ ಕುರಿ ಎಂದು ತಿಳಿಯಲಿ ಎಂದು. ಫೋನು ಒಂದೇ ಸಲಕ್ಕೆ ತೆರೆಯಿತು. ಅವ್ವ ನನ್ನ ಕಡೆ ನೋಡಿದ ನೋಟ ಯಾವ ಫೋಟೊದಲ್ಲೂ ಇಲ್ಲ. ಅದು ಇತ್ತು ಎಂದು ನಾನು ಹಟ ಹಿಡಿಯುತ್ತೇನೆ.

ಅವ್ವನನ್ನು ಹುಮನಾಬಾದಿನ ನನ್ನ ಮನೆಗೆ ಕರೆದುಕೊಂಡು ಬಂದು ಫೋನನ್ನು ಸಜ್ಜು ಮಾಡಲು ಕೂತೆ. ಇಲ್ಲಿಂದ ಮುಂದಿನ ತಪ್ಪುಗಳು ನನ್ನವು. ಕಾಕನ ಹತ್ತಿರ ಇದ್ದ ಹನ್ನೊಂದು ಮಂದಿ ರೈತರ ನಂಬರು ಹಾಕಿದೆ. ಹೆಸರು ಓದಲು ಬರುವುದಿಲ್ಲವಲ್ಲ, ಮುಖ ನೋಡಿ ಗುರುತಿಸಲಿ ಎಂದು ಅವರವರ ವಾಟ್ಸಪ್ ಚಿತ್ರ ತೆಗೆದು ಹಚ್ಚಿದೆ. ಮೂವರು ರೈತರು ಒಂದೇ ದೇವರ ಚಿತ್ರ ಇಟ್ಟುಕೊಂಡಿದ್ದರು. ಒಬ್ಬನದು ಮೊಮ್ಮಗಳು. ಒಬ್ಬನದು ಟ್ರ್ಯಾಕ್ಟರು, ಅದೂ ಅವನದಲ್ಲವಂತೆ. ಅವ್ವ ದೇವರನ್ನು ಮುಟ್ಟಿ ಹಲೋ ಅಂದಳು, ಆ ಕಡೆಯಿಂದ ಬೇರೆ ಊರಿನ ರೈತ ಮಾತಾಡಿದ. ಅದು ಹೋಗಲಿ, ಸರಿಯಾದ ಮುಖವಿದ್ದ ಒಬ್ಬ ರೈತನನ್ನೂ ಆಕೆ ಗುರುತಿಸಲಿಲ್ಲ. ಹತ್ತು ವರ್ಷ ಅವನ ಹೊಲದಲ್ಲಿ ಕುರಿ ತರುಬಿದವಳು.

ನನಗೆ ಸಿಟ್ಟು ಬಂತು. ಬಂತು ಅನ್ನುವುದಕ್ಕಿಂತ, ನಾನು ಸಿಟ್ಟನ್ನು ತೋರಿಸಿದೆ ಎನ್ನುವುದು ನಿಜಕ್ಕೆ ಹತ್ತಿರ.

"ಮುಖ ಯಾರು ನೋಡ್ತಾರ?" ಅಂದಳು ಅವ್ವ. "ನಾವು ಹೊಲ ನೋಡಿ ಹೋಗೋರು. ಹೊಲದ ಫೋಟೊ ತೆಗಿ."

ಹಾಗೆ ನಾವಿಬ್ಬರೂ ಎರಡು ದಿನವೋ ಮೂರು ದಿನವೋ ಬಸ್ಸು, ಶೇರ್ ಆಟೊ ಹಿಡಿದು ಮುಡಬಿಯ ಸುತ್ತಲಿನಿಂದ ಮನ್ನಾಏಖೇಳ್ಳಿಯವರೆಗೆ ತಿರುಗಿದೆವು. ಗ್ಯಾಲರಿ ಎರಡು ದಿನ ಎನ್ನುತ್ತದೆ, ನನ್ನ ಕಾಲು ಮೂರು ಎನ್ನುತ್ತದೆ. ನನಗೆ ಕಪ್ಪು ನೆಲ, ತೊಗರಿ ಸಾಲು ಅಷ್ಟೇ ಕಾಣುವ ಕಡೆ ಅವ್ವನಿಗೆ ಹನ್ನೊಂದು ಹೊಲಗಳು ಹನ್ನೊಂದು ಮನುಷ್ಯರಂತೆ ಬೇರೆ ಬೇರೆಯಾಗಿ ಕಾಣುತ್ತಿದ್ದವು. ಇದು ಎರಡು ಬೇವಿನ ಗಿಡದ್ದು, ಇದು ಹಗ್ಗದ ಗಿರಕಿ ಮುರಿದ ಬಾವಿಯದು, ಇದು ಬದುವಿನ ಮೇಲೆ ಕಲ್ಲು ಬಸವಣ್ಣ ಇರುವುದು. ಒಬ್ಬ ರೈತ ಫೋಟೊ ಎಂದೊಡನೆ ಅಂಗಿ ಕೊಡವಿಕೊಂಡು ಬಂದು ಎದುರು ನಿಂತ. ಸ್ವಲ್ಪ ಸರೀರಿ, ಬಾವಿ ಕಾಣವಲ್ದು ಎಂದು ಅವ್ವ ಅವನನ್ನು ಪಕ್ಕಕ್ಕೆ ಕಳಿಸಿದಳು. ಆ ಫೋಟೊದಲ್ಲಿ ಅವನ ಒಂದು ಮೊಣಕೈ ಇದೆ.

ಆ ಹನ್ನೊಂದು ಚಿತ್ರಗಳನ್ನು ಪರದೆಯ ಮೇಲೇ ಸಾಲಾಗಿ ಇಟ್ಟೆ, ಒಂದನ್ನು ಮುಟ್ಟಿದರೆ ನೇರ ಆ ರೈತನಿಗೆ ಫೋನು ಹೋಗುವ ಹಾಗೆ. ಕೊನೆಯಲ್ಲಿ ನನ್ನ ಮನೆ ಬಾಗಿಲಿನ ಚಿತ್ರ ಒಂದನ್ನಿಟ್ಟು ಉಳಿದುದನ್ನೆಲ್ಲ ತೆಗೆದುಹಾಕಿದೆ. ಸಾಲು ಕೂಡ ಅವ್ವ ಹೇಳಿದಂತೆ: ಮುಡಬಿಯ ಹೊಲಗಳು ಮೇಲೆ, ಹುಮನಾಬಾದಿನವು ನಡುವೆ, ಮನ್ನಾಏಖೇಳ್ಳಿಯವು ಕೆಳಗೆ, ಹಿಂಡು ನಡೆಯುವ ದಾರಿಯಲ್ಲೇ. ನನ್ನ ಫೋನಿನಲ್ಲಿ ಇಂದಿಗೂ ಎಪ್ಪತ್ತು ಚಿಕ್ಕ ಚೌಕಗಳು ಗಲಾಟೆ ಮಾಡುತ್ತವೆ. ಅಷ್ಟು ಅಚ್ಚುಕಟ್ಟಾದ ಪರದೆಯನ್ನು ನಾನು ಬೇರೆಲ್ಲೂ ನೋಡಿಲ್ಲ.

ಒಂದು ಆಟ ಮಾತ್ರ ಕೈಕೊಟ್ಟಿತು. ರಿಂಗ್‌ಟೋನಿಗೆ ಅವ್ವನ ಧ್ವನಿಯನ್ನೇ ಹಾಕೋಣ ಎಂದೆ. ಆಕೆ ಕುರಿ ಕರೆಯುವ ಕೂಗು ಕೂಗಿದಳು, ಅದನ್ನೇ ಇಟ್ಟೆ. ಮೊದಲ ಸಲ ನಾನು ಹುಮನಾಬಾದಿನಿಂದ ಫೋನು ಮಾಡಿದಾಗ ಮುಡಬಿಯ ಬಯಲಲ್ಲಿ ಮೇಯುತ್ತಿದ್ದ ಹಿಂಡೆಲ್ಲ ಎದ್ದು ಬಂದು ಅವ್ವನ ಸೊಂಟದ ಚೀಲವನ್ನು ಸುತ್ತುಗಟ್ಟಿತಂತೆ. ಮಾತಾಡಲು ಬಿಡಲಿಲ್ಲವಂತೆ. ಮರುದಿನ ಅದನ್ನು ಬದಲಿಸಿ ಫೋನಿನ ಜೊತೆಗೇ ಬಂದ ಗಂಟೆ ಸದ್ದು ಹಾಕಿದೆವು.

ಆಮೇಲೆ ಕಾಕನ ಸಂಗತಿ ನಡೆಯಿತು. ಆ ದಿನ ನಾನು ಅಲ್ಲಿರಲಿಲ್ಲ. ಇದು ಅವ್ವ ಹೇಳಿದ್ದು ಮತ್ತು ಕಾಕ ಹೇಳಿದ್ದು, ಎರಡನ್ನೂ ಹೊಲಿದ ಕೌದಿ. ಅವ್ವನ ಮನೆಯಲ್ಲಿ ಕರೆಂಟು ಇರಲಿಲ್ಲ. ಕಾಕನ ಮನೆಯಲ್ಲಿ ಇನ್ವರ್ಟರ್ ಇದ್ದುದರಿಂದ ಆಕೆ ಫೋನನ್ನು ಅಲ್ಲಿ ಚಾರ್ಜಿಗೆ ಹಾಕಿ, ಬೀಗ ಇದೆಯಲ್ಲ ಎಂಬ ಧೈರ್ಯದಿಂದ ಕುರಿಗೆ ನೀರು ಕುಡಿಸಲು ಹೋದಳು. ಕಾಕ ಫೋನು ಎತ್ತಿಕೊಂಡ. ಒಂಬತ್ತು ಚುಕ್ಕಿ ಬಂದವು. ಅವ್ವ ಏನು ಬರೆದಿರಬಹುದು ಎಂದು ಅವನು ಯೋಚಿಸಲೂ ಇಲ್ಲವಂತೆ. ಅವನ ಕುರಿಗಳಿಗೂ ಅದೇ ಕಿವಿಗುರುತು. ಒಂದೇ ಗೆರೆಗೆ ಫೋನು ತೆರೆಯಿತು. ಎದುರಿಗೆ ಹನ್ನೊಂದು ಹೊಲ, ಹನ್ನೊಂದೂ ಅವನಿಗೆ ಗೊತ್ತು. ಕೆಳಗಿನ ಸಾಲಿನಲ್ಲಿ ಮನ್ನಾಏಖೇಳ್ಳಿಯ ಎರಡು ಬೇವಿನ ಹೊಲ, ಎಲ್ಲಕ್ಕಿಂತ ದೊಡ್ಡದು, ನೀರೂ ಇದ್ದದ್ದು. ಅದನ್ನು ಮುಟ್ಟಿ, ಈ ವರ್ಷ ಎರಡೂ ಹಿಂಡು ನಾನೇ ತರುತ್ತೇನೆ ಎಂದು ಆ ಹೊಲದ ಗೌಡನಿಗೆ ಹೇಳಿದ.

ಅದನ್ನು ಮುಚ್ಚಿಡಲೂ ಇಲ್ಲ. ಅವ್ವ ಬಂದೊಡನೆ ನಗುತ್ತ ತಾನೇ ಹೇಳಿದ:

"ವೈನಿ, ಬೀಗ ಹಾಕಿ ಕೀಲಿ ಊರಿಗೆಲ್ಲ ಹಂಚೀದಿ ನೋಡು."

ಅವ್ವ ನಕ್ಕಳು ಎಂದು ನಾನು ಬಹಳ ದಿನ ನಂಬಿದ್ದೆ. ಕಾಕ ಇಲ್ಲ ಎನ್ನುತ್ತಾನೆ, ಬೈದಳಂತೆ, ಅದೂ ಒಳ್ಳೆಯ ಬೈಗುಳವಂತೆ. ಅವ್ವ ತನಗೆ ನೆನಪಿಲ್ಲ ಎನ್ನುತ್ತಾಳೆ. ಅದೂ ಒಂದು ಉತ್ತರವೇ.

ನನಗೆ ಫೋನು ಮಾಡಿ ಮರುದಿನ ಬಾ ಅಂದಳು. ಹೋದೆ. ಬೀಗ ಬದಲಿಸುವುದು ಎಲ್ಲಿ ಎಂದು ತೋರಿಸಲು ಹೇಳಿದಳು. ಅಂಗಡಿಯವನನ್ನೋ ಕಾಕನನ್ನೋ ನಾಲ್ಕು ಮಾತು ಅನ್ನುತ್ತಾಳೆ ಎಂದುಕೊಂಡಿದ್ದೆ. ಆಕೆ ತಪ್ಪನ್ನು ತನ್ನ ಮೇಲೇ ಎಳೆದುಕೊಂಡಳು. ಕಿವಿಗುರುತು ಇರುವುದೇ ಎಲ್ಲರೂ ಗುರುತು ಹಿಡಿಯಲಿ ಎಂದು. ತೋರಿಸಲು ಮಾಡಿದ್ದನ್ನು ನಾನು ಮುಚ್ಚಿಡಲು ಬಳಸಿದೆ ಅಂದಳು. ಇಷ್ಟು ಹೇಳಿ ನನ್ನ ಕೈಯಿಂದ ಫೋನು ತೆಗೆದುಕೊಂಡು ಗೋಡೆಯ ಕಡೆ ತಿರುಗಿ ಹೊಸ ಗೆರೆ ಎಳೆದಳು. ನಾನು ಯಾವುದು ಎಂದು ಕೇಳಿದೆ.

"ಅದು ನಿನಗ್ಯಾಕ?" ಅಂದಳು.

ಚುರುಕ್ ಎಂದಿತು. ಎರಡು ಹೆಜ್ಜೆ ಹೋದ ಮೇಲೆ, ನಾನು ಸಜ್ಜು ಮಾಡಿದ ಫೋನಿನಿಂದ ನನ್ನನ್ನೇ ಹೊರಗೆ ಹಾಕಿದ ಈ ಹೆಂಗಸಿನ ಬಗ್ಗೆ ಎದೆ ಉಬ್ಬಿತು. ಎರಡು ಹೆಜ್ಜೆ ಎನ್ನುವುದು ಬರೆಯುವವರ ಚಟ. ಬಹುಶಃ ಮನೆಗೆ ಬರುವ ಬಸ್ಸಿನಲ್ಲಿ ಉಬ್ಬಿರಬೇಕು.

ನಂತರ ಆಕೆ ಫೋನು ಹಿಡಿದು ನೇರ ಕಾಕನ ಮನೆಗೆ ಹೋದಳು. ನಾನು ಹಿಂದೆ ಹೋದೆ. ನಡುಮಧ್ಯಾಹ್ನ. ಕಾಕ ಅಂಗಳದಲ್ಲಿ ಬಲೆ ಹರವಿಕೊಂಡು ಹರಿದ ಕಡೆ ಗಂಟು ಹಾಕುತ್ತಿದ್ದ. ಎರಡೂ ಹಿಂಡು ಕಾಯುವ ನಾಯಿಗಳು, ಒಂದು ಕರಿದು ಒಂದು ಕೆಂದು, ಅವನ ಪಕ್ಕದಲ್ಲಿ ಮಲಗಿದ್ದವು. ಅವ್ವ ಕಟ್ಟೆಯ ಮೇಲೆ ಕೂತು ಎರಡು ಬೇವಿನ ಗಿಡ ಮುಟ್ಟಿದಳು, ಸ್ಪೀಕರ್ ಹಚ್ಚಲು ನನಗೆ ಹೇಳಿದಳು.

ಈ ಕರೆಯನ್ನು ನಾನು ಎಷ್ಟೋ ಸಲ ಎಷ್ಟೋ ಜನರಿಗೆ ಹೇಳಿದ್ದೇನೆ. ನನ್ನ ಬಾಯಲ್ಲಿ ಅವ್ವ ಒಂದೂ ಕಡೆ ತಡವರಿಸುವುದಿಲ್ಲ. ಆದರೆ ಅಂಗಡಿಯವನು ಎಲ್ಲ ಕರೆಗಳೂ ರೆಕಾರ್ಡ್ ಆಗುವಂತೆ ಮಾಡಿಟ್ಟಿದ್ದ, ಅದು ನಮಗೆ ಬಹಳ ತಡವಾಗಿ ಗೊತ್ತಾಯಿತು. ಆ ರೆಕಾರ್ಡಿಂಗ್ ಕೇಳಿದ ಮೇಲೆ ನನ್ನ ಕಥೆಯನ್ನು ಕೈಬಿಟ್ಟೆ. ಅವ್ವ ಮೂರು ಸಲ ಹಲೋ ಅನ್ನುತ್ತಾಳೆ. ಆ ಕಡೆಯಿಂದ ಗೌಡ ಯಾರ್ರಿ ಎಂದಾಗ ಬಹಳ ಹೊತ್ತು ಬರೀ ಉಸಿರು ಕೇಳುತ್ತದೆ. ಎಲ್ಲೋ ಒಂದು ಕುರಿ ಒದರುತ್ತದೆ. ಆಮೇಲೆ:

"ನಾ ಮುಡಬಿ ಕಡಿ ಕುರಿಯಾಕಿ ರೀ ಗೌಡ್ರ. ನಿಮ್ಮ ಎರಡು ಬೇವಿನ ಹೊಲದಾಗ ನಮ್ಮ ಯಜಮಾನ್ರು ಕುರಿ ತರುಬತಿದ್ರು."

"ಹಾಂ, ಗೊತ್ತಾತು ಅಕ್ಕ. ನಿಮ್ಮ ಮೈದುನ ಫೋನ್ ಮಾಡಿದ್ರಲ್ಲ. ಎರಡೂ ಹಿಂಡು ಅವರೇ ತರ್ತಾರಂತ."

"ಅವ ಅವನ ಹಿಂಡಿನ ಮಾತು ಹೇಳ್ಯಾನ. ನನ್ನ ಹಿಂಡಿನ ಮಾತು ನಾ ಹೇಳಾಕತ್ತೀನಿ."

ಇಲ್ಲಿ ಬಲೆ ಸರಸರ ಅನ್ನುವ ಸದ್ದು ಇದೆ. ಕಾಕ ಕೈಬಿಟ್ಟಿರಬೇಕು. ಗೌಡ ಸ್ವಲ್ಪ ಎಳೆದ ದನಿಯಲ್ಲಿ, ಜೊತೆಗೆ ಗಂಡಸರು ಯಾರು ಇರುತ್ತಾರೆ ಎಂದು ಕೇಳುತ್ತಾನೆ. ಅವ್ವ ಹೊಲದ ಮಾತಿಗೆ ಬರುತ್ತಾಳೆ.

"ಹೋದ ವರ್ಷ ನಿಮ್ಮ ಹೊಲದಾಗ ಬಲಿ ಒಂದೇ ಕಡಿ ಇತ್ರಿ, ಎಂಟು ದಿನ. ಅದಕ್ಕ ಈ ಸಲ ಆ ಮೂಲ್ಯಾಗಷ್ಟೇ ತೊಗರಿ ಎದಿಮಟ ಬಂದದ, ಉಳದದ್ದು ಮೊಣಕಾಲಿನಷ್ಟು. ಹೌದಿಲ್ರಿ? ನಾ ದಿನಾ ಬಲಿ ಸರಸ್ತೀನಿ."

ಹೋದ ವರ್ಷ ಅಲ್ಲಿ ಬಲೆ ಕಟ್ಟಿದವನು ಎದುರಿಗೇ ಕೂತಿದ್ದ. ಗೌಡ ನಗುತ್ತಾನೆ. ಆ ಮೂಲೆ ತನಗೂ ಕಾಣುತ್ತದೆ, ಯಾಕೆ ಎಂದು ತಿಳಿದಿರಲಿಲ್ಲ ಎನ್ನುತ್ತಾನೆ. ನಾಡಿದ್ದು ರಾಶಿ ಎತ್ತುತ್ತೇವೆ, ಆಮೇಲೆ ನಿಮ್ಮ ಹಿಂಡು ಹೊಡಕೊಂಡು ಬರ್ರಿ, ಎಂಟು ದಿನ ಇರ್ರಿ ಎನ್ನುತ್ತಾನೆ.

"ಹತ್ತು ದಿನ ರೀ. ಹೊಲ ದೊಡ್ಡದದ."

"ಆತು ಅಕ್ಕ. ಹತ್ತು."

ಅಲ್ಲಿಗೆ ರೆಕಾರ್ಡಿಂಗ್ ಮುಗಿಯುತ್ತದೆ. ನನ್ನ ಹಳೆಯ ಕಥೆಯಲ್ಲಿ ಆಕೆ ಗುಡುಗಿದ್ದಳು. ಈಗಿನದರಲ್ಲಿ ಆ ಉದ್ದನೆಯ ಉಸಿರು ಇದೆ, ಅದರ ಆಚೆಗೆ ಮಾತು ಇದೆ. ನನಗೆ ಇದೇ ದೊಡ್ಡದು. ನನ್ನ ಮೊದಲ ಪುಸ್ತಕ ಅಚ್ಚಾಗಿ ಬಂದ ದಿನ ಕೂಡ ನಾನು ಅಷ್ಟು ಬೀಗಿರಲಿಲ್ಲ. ಅವ್ವನ ಮಗಳು ಎಂದು ಆ ಅಂಗಳದಲ್ಲಿ ನಿಂತಿದ್ದಾಗ ಬೀಗಿದ್ದೆ.

ಮುಂದಿನದು ರೆಕಾರ್ಡಿನಲ್ಲಿ ಇಲ್ಲ, ನನ್ನ ಮೇಲೆಯೇ ಭಾರ ಹಾಕಬೇಕು. ಕಾಕ ಬಲೆಯನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡ, ಒಂದು ಗಂಟು ಹಾಕಿದ, ಬಿಗಿದು ನೋಡಿದ. ಹಿಂಡು ಕೂಡಿಸುವ ಮಾತನ್ನು ಅವನು ಎತ್ತಲಿಲ್ಲ, ಕೈಬಿಟ್ಟೆ ಎಂದೂ ಹೇಳಲಿಲ್ಲ.

"ಹಂಗಾರ ನಾಯಿ ಯಾರ ಕಡಿ, ವೈನಿ?" ಅಂದ.

"ಕರಿದು ನನ್ನ ಕಡಿ," ಅಂದಳು ಅವ್ವ, ತಲೆ ಎತ್ತದೆ. ಆಕೆಯ ಬೆರಳು ಆಗಲೇ ಗಿರಕಿ ಮುರಿದ ಬಾವಿಯ ಮೇಲಿತ್ತು.