ಪರದೇಶದ ಮಗಳಿಗೆ ಉಡಿ ತುಂಬಿದ ರಾತ್ರಿ

ಆ ಹುಡುಗಿಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ಅವಳು ಒಳ್ಳೆಯವಳೇ, ತೊಂದರೆಯಿದ್ದದ್ದೂ ಅದರಲ್ಲೇ. ಕೆಟ್ಟವಳಾಗಿದ್ದರೆ ನಾಲ್ಕು ಮಾತು ಬೈದುಕೊಂಡು ಸಮಾಧಾನವಾದರೂ ಮಾಡಿಕೊಳ್ಳಬಹುದಿತ್ತು.

ತೊಂಬತ್ತರ ದಶಕದ ಮಾತು. ಎಲ್ಲೋ ದೂರದ ಚಳಿದೇಶದ ಕಾಲೇಜು ಹುಡುಗ ಹುಡುಗಿಯರ ಗುಂಪೊಂದು ಶಾಲೆಗೆ ಕೋಣೆ ಕಟ್ಟಿಕೊಡಲು ಕಮಲಾಪುರಕ್ಕೆ ಬಂದಿತ್ತು. ತಮ್ಮದೇ ಖರ್ಚಿನಲ್ಲಿ ಬಂದು, ನಮ್ಮ ಬಿಸಿಲಿನಲ್ಲಿ ಕಲ್ಲು ಮಣ್ಣು ಹೊರುವ ಆಸೆ ಅವರಿಗೆ. ಊರವರು ಒಂದೊಂದು ಮನೆಗೆ ಒಬ್ಬರು ಇಬ್ಬರನ್ನು ಹಂಚಿಕೊಂಡರು. ನನಗೆ ಇಂಗ್ಲಿಷ್ ಬರುತ್ತದೆಂದು ನಮ್ಮ ಮನೆಗೊಬ್ಬ ಹುಡುಗಿ ಬಂದಳು. ನಾನು ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿ ಬೆಳೆದು, ಬಿ.ಎ. ಮುಗಿಸಿ, ಕಮಲಾಪುರಕ್ಕೆ ಸೊಸೆಯಾಗಿ ಬಂದವಳು. ಮನೆಯಲ್ಲಿ ಗಂಡ, ನಾನು, ಅತ್ತೆ. ಮಾವ ತೀರಿಕೊಂಡ ಮೇಲೆ ಅತ್ತೆಯ ಮಾತೇ ಮನೆಯ ಕೊನೆಯ ಮಾತು.

ಆ ವರ್ಷ ನನಗೆ ಕಲಬುರಗಿಯಲ್ಲಿ ಬಿ.ಎಡ್. ಸೀಟು ಸಿಕ್ಕಿತ್ತು. ಬೆಳಗಿನ ಬಸ್ಸಿಗೆ ಹೋಗಿ ಸಂಜೆಗೆ ಮರಳಬಹುದು. ನಾನು ಕೇಳಿದಾಗ ಅತ್ತೆ ತಮ್ಮ ಭುಜ ಹಿಡಿದುಕೊಂಡು ಹೇಳಿದ್ದರು: "ಮುಂಜಾನಿ ರೊಟ್ಟಿ ಯಾರು ಬಡೀತಾರವಾ? ನನ್ನ ಕೈ ಎತ್ತಾಕ ಬರಂಗಿಲ್ಲ." ಕಪನೂರಿನ ಕಾರ್ಖಾನೆಗೆ ಹೋಗುತ್ತಿದ್ದ ನನ್ನ ಗಂಡನನ್ನು ಕೇಳಿದರೆ, "ಅವ್ವ ಹೂಂ ಅಂದ್ರ ನಂದೂ ಹೂಂ" ಎಂದು ಊಟದ ಡಬ್ಬಿ ತೆಗೆದುಕೊಂಡು ನಡೆದುಬಿಟ್ಟರು. ಹೆಸರು ಹಚ್ಚಲು ಬರುವ ಸೋಮವಾರವೇ ಕೊನೆ. ಗುಂಪು ಊರು ಬಿಡುತ್ತಿದ್ದದ್ದು ಅದರ ಹಿಂದಿನ ಶನಿವಾರ.

ಇಂಥ ಹೊತ್ತಿನಲ್ಲಿ ಅತ್ತೆಗೆ ಆ ಹುಡುಗಿಯ ಹುಚ್ಚು ಹಿಡಿಯಿತು. ಬಿಸಿಲಿಗೆ ಕೆಂಪಾದ ಅವಳ ಮುಖಕ್ಕೆ ಬೆಣ್ಣೆ ಸವರಿದ್ದೇನು, ಹುಡುಕಿ ತರಿಸಿದ ಕೆಂಬಾಳೆಹಣ್ಣನ್ನು ಸುಲಿದು ಕೈಗೆ ಕೊಟ್ಟದ್ದೇನು! ಸಂಜೆಯಾದರೆ ಇಬ್ಬರೂ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುವುದು. ಅತ್ತೆ ಒಂದು ಬಡಿದು ತೋರಿಸಬೇಕು, ಹುಡುಗಿ ಒಂದು ಬಡಿಯಬೇಕು. ಅವಳ ರೊಟ್ಟಿಗೆ ಮೂಲೆಗಳಿರುತ್ತಿದ್ದವು. ಹಂಚಿಗೆ ಹಾಕುವಷ್ಟರಲ್ಲಿ ಅರ್ಧ ಹರಿದಿರುತ್ತಿತ್ತು. ಅದನ್ನೇ ಅತ್ತೆ ಪಕ್ಕದ ಮನೆಯ ಕಾಕಿಗೆ ಎತ್ತಿ ತೋರಿಸುವರು: "ಎಷ್ಟ್ ಛಂದ ಬಡದಾಳ ನೋಡವಾ!"

ನಾನು ಮದುವೆಯಾಗಿ ಬಂದಾಗಿನಿಂದ ಬಡಿದ ರೊಟ್ಟಿಗಳನ್ನು ಒಂದರ ಮೇಲೊಂದು ಇಟ್ಟಿದ್ದರೆ ಮಾಳಿಗೆ ಮುಟ್ಟುತ್ತಿತ್ತು. ಒಂದಕ್ಕಾದರೂ "ಛಲೋ ಆಗೇದ" ಎಂಬ ಮಾತು ಬಂದಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂದು ಸುಮ್ಮನೆ ಹೇಳುತ್ತಾರೆಯೇ?

ರೊಟ್ಟಿಯದಾದರೂ ಹೋಗಲಿ. "ಮನಿಮಂದಿ ಬಿಟ್ಟು ಏಳು ಸಮುದ್ರ ದಾಟಿ ಬಂದಾಳ, ಎಂಥಾ ಗಟ್ಟಿಗಿತ್ತಿ!" ಎಂದು ಬಂದವರ ಮುಂದೆಲ್ಲ ಹೊಗಳುತ್ತಿದ್ದರಲ್ಲ, ಅದು ನನ್ನಿಂದ ಸಹಿಸಲಾಗುತ್ತಿರಲಿಲ್ಲ. ಅವಳು ಸಮುದ್ರ ದಾಟಿದರೆ ಗಟ್ಟಿಗಿತ್ತಿ, ನಾನು ಕಲಬುರಗಿಯ ಬಸ್ಸು ಹತ್ತಿದರೆ ಮನೆಮುರುಕಿ. ಸಾಲದ್ದಕ್ಕೆ ಆ ಹೊಗಳಿಕೆಯನ್ನು ಇಂಗ್ಲಿಷಿನಲ್ಲಿ ಅವಳಿಗೆ ಮುಟ್ಟಿಸುವ ಕೆಲಸವೂ ನನ್ನದೇ. ಎಷ್ಟೋ ಸಲ ಅರ್ಧ ನುಂಗಿಯೇ ಹೇಳುತ್ತಿದ್ದೆ.

ಕೊನೆಯ ರಾತ್ರಿ ಶಾಲೆಯ ಅಂಗಳದಲ್ಲಿ ಹಾಡು, ಕುಣಿತ, ಹಾರ ತುರಾಯಿ ಎಲ್ಲ ಆಯಿತು. ಮನೆಗೆ ಬಂದು ಹೋಳಿಗೆ ಉಂಡ ಮೇಲೆ ಅತ್ತೆ ಹುಡುಗಿಗೆ ಉಡಿ ತುಂಬಬೇಕೆಂದರು.

"ಲಗ್ನ ಆಗದಾಕಿಗಿ ಉಡಿ ತುಂಬತಾರೇನು?" ಎಂದು ಕಾಕಿ ರಾಗ ಎಳೆದರು.

"ಮನಿ ಮಗಳು ಹೊಂಟಾಳ. ಬರೇ ಉಡಿಲೇ ಕಳಸಬೇಕೇನು?" ಎಂದರು ಅತ್ತೆ.

ಮನೆ ಮಗಳಂತೆ! ಅತ್ತೆ ಟ್ರಂಕಿನಿಂದ ಹಸಿರು ಖಣ ತೆಗೆದರು. ಆ ಕುಪ್ಪಸದ ಬಟ್ಟೆಯ ಮೇಲೆ ನನ್ನ ಕಣ್ಣು ಮೊದಲಿನಿಂದಲೂ ಇತ್ತು. ಗಂಡನಿಲ್ಲದವರು ಉಡಿ ತುಂಬುವ ರೂಢಿ ನಮ್ಮಲ್ಲಿಲ್ಲ. ಆದ್ದರಿಂದ ಅತ್ತೆ ತಾವು ಗೋಡೆಗೆ ಆತು ಕುಳಿತು, "ನೀ ತುಂಬವಾ" ಎಂದು ನನಗೆ ಹೇಳಿದರು. ನನ್ನದೇ ಸೀರೆ ಉಟ್ಟ ಹುಡುಗಿ ಮಣೆಯ ಮೇಲೆ ಕೂತು ಸೆರಗೊಡ್ಡಿದಳು. ಖಣ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಬೇರು ಇಟ್ಟು ಬೊಗಸೆ ಅಕ್ಕಿ ಹಾಕತೊಡಗಿದೆ. ಅತ್ತೆ ಕೂತಲ್ಲಿಂದಲೇ ಒಂದೊಂದಾಗಿ ಹೇಳಿಸಿದರು.

"ಇದು ನಿನ್ನ ತವರುಮನಿ ಅಂತ ಹೇಳು."

ಹೇಳಿದೆ.

"ಮತ್ತ ಬಾ ಅಂತ ಹೇಳು."

ಅದನ್ನೂ ಹೇಳಿದೆ.

"ಊರಿಗಿ ಹೋಗಿ ಓದು ಬಿಡಬ್ಯಾಡ ಅಂತ ಹೇಳು. ಹೆಣ್ಮಕ್ಕಳು ಕಲೀಬೇಕು. ಯಾರು ಬ್ಯಾಡ ಅಂದ್ರೂ ಕೇಳಬ್ಯಾಡ ಅಂತ ಹೇಳು."

ನನ್ನ ಬೊಗಸೆ ಅಲ್ಲಿಯೇ ನಿಂತಿತು.

"ಇದನ್ನ ನಾ ಇಂಗ್ಲಿಷಿನಾಗ ಹೇಳಂಗಿಲ್ಲರೀ ಅತ್ತಿ," ಎಂದೆ. "ಮೊದಲ ನನಗ ಕನ್ನಡದಾಗ ಹೇಳ್ರಿ."

ಕಾಕಿ ಸೆರಗನ್ನು ಬಾಯಿಗೆ ಹಿಡಿದರು. ಬಾಗಿಲಲ್ಲಿ ನಿಂತಿದ್ದ ನನ್ನ ಗಂಡ ತಮ್ಮ ಕಾಲನ್ನೇ ನೋಡಿಕೊಂಡರು. ಅತ್ತೆಯ ಕೈ ತಾನಾಗಿಯೇ ಭುಜಕ್ಕೆ ಹೋಯಿತು.

"ನನ್ನ ಕೈ..."

"ದಿನಾ ಸಂಜಿಕಿ ಆಕಿಗಿ ರೊಟ್ಟಿ ಬಡದು ತೋರಿಸಿದ್ದು ಯಾರ ಕೈರೀ?"

ಇಷ್ಟು ದಿನ ಒಲೆಯ ಪಕ್ಕದಲ್ಲಿ ಉರಿದುಕೊಂಡು ನಿಂತವಳಿಗೆ ಸಿಕ್ಕ ಲಾಭ ಅದೊಂದೇ. ಅತ್ತೆಯ ಕೈ ಎಷ್ಟು ಚೆನ್ನಾಗಿ ಆಡುತ್ತಿತ್ತೆಂದು ನನ್ನಷ್ಟು ಕಣ್ಣಿಟ್ಟು ನೋಡಿದವರು ಯಾರಿದ್ದರು? ಅತ್ತೆ ಮೆಲ್ಲಗೆ ಕೈ ಕೆಳಗಿಳಿಸಿದರು.

ಹುಡುಗಿ ನಮ್ಮಿಬ್ಬರ ಮುಖ ನೋಡಿ, ತನ್ನಿಂದೇನಾದರೂ ತಪ್ಪಾಯಿತೇ ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ಏನಂತಾಳ?" ಎಂದರು ಅತ್ತೆ.

"ನಿಮ್ಮ ಸೊಸಿಗಿ ಯಾಕ ಓದಸವಲ್ರಿ ಅಂತ ಕೇಳಾಕತ್ತಾಳ," ಎಂದೆ. ಇಂಗ್ಲಿಷ್ ಬರುವವಳು ಮನೆಯಲ್ಲಿ ನಾನೊಬ್ಬಳೇ ಇದ್ದೆನಲ್ಲ.

ಅತ್ತೆ ಒಮ್ಮೆ ಹುಡುಗಿಯ ಮುಖ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಸಿಟ್ಟೋ ನಾಚಿಕೆಯೋ ತಿಳಿಯದ ದನಿಯಲ್ಲಿ, "ಹೋಗವಾ. ಸೋಮವಾರ ಹೆಸರು ಹಚ್ಚಿ ಬಾ. ಓದು ಬಿಡಬ್ಯಾಡ. ಯಾರು ಬ್ಯಾಡ ಅಂದ್ರೂ ಕೇಳಬ್ಯಾಡ," ಎಂದರು. ಒಂದು ಉಸಿರು ಬಿಟ್ಟು, "ನಾ ಅಂದ್ರೂನೂ," ಎಂದು ಸೇರಿಸಿದರು. "ಈಗರ ಆಕಿಗಿ ಹೇಳು."

ಹೇಳಿದೆ. ಒಂದು ಶಬ್ದವನ್ನೂ ನುಂಗಲಿಲ್ಲ. ಉಳಿದ ಅಕ್ಕಿಯನ್ನು ಅವಳ ಉಡಿಗೆ ಸುರಿದೆ. ಹುಡುಗಿ ಅಳುತ್ತ ಎದ್ದು ಅತ್ತೆಯ ಕಾಲಿಗೆ ಬಿದ್ದಳು. ಅತ್ತೆ ಅವಳನ್ನು ಎತ್ತಿ ಅಪ್ಪಿಕೊಂಡು ತಾವೂ ಅತ್ತರು. ನನ್ನನ್ನು ಅಪ್ಪಿಕೊಳ್ಳಲಿಲ್ಲ. ಅದನ್ನು ನೋಡಿ ನನ್ನ ಹೊಟ್ಟೆ ಮತ್ತೆ ಉರಿಯಿತು. ಉರಿದರೆ ಉರಿಯಲಿ ಎಂದುಕೊಂಡೆ. ನಾಳೆ ಅವಳು ಹೋಗುತ್ತಾಳೆ. ಸೋಮವಾರ ನಾನು ಹೋಗುತ್ತೇನೆ.